ಉದ್ಯಾನ ಜಾಲ: ನೀರಿನ ದಾರಿ ಮೊದಲು, ಪಾರ್ಕಿಂಗ್ ಕೊನೆಗೆ

ಮಾನ್ಯರೇ,

ಹಲವು ಊರುಗಳ ಕಾಡು, ಹಳ್ಳ, ಉದ್ಯಾನಗಳನ್ನು ಬೆಸೆಯುವ ಪ್ರಾದೇಶಿಕ ಉದ್ಯಾನಗಳ ಜಾಲವೆಂದರೆ ಖಾಲಿ ಜಾಗಗಳಿಗೆಲ್ಲ ಹಸಿರು ಬಣ್ಣ ಬಳಿದ ನಕ್ಷೆಯಲ್ಲ. ಮೊದಲು ಹಳ್ಳ, ಜೌಗು, ಕಡಿದಾದ ಇಳಿಜಾರು ಗುರುತಿಸಬೇಕು. ಆಮೇಲೆ ಉಳಿದಿರುವ ಕಾಡು, ಪ್ರಾಣಿಗಳ ಓಡಾಟದ ದಾರಿ. ಪಾರ್ಕಿಂಗ್, ಶೌಚಾಲಯ ಕೊನೆಗೆ. ಸಾಮಾನ್ಯವಾಗಿ ಈ ಕ್ರಮವೇ ತಲೆಕೆಳಗಾಗಿರುತ್ತದೆ.

ವಿಸ್ತೀರ್ಣದ ಅಂಕಿಯನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. ಬಿಸಿಲು, ಗಾಳಿ, ಕಳೆ, ಬೀದಿನಾಯಿಗಳ ಉಪಟಳ ಅಂಚಿನಿಂದ 100 ಮೀಟರ್ ಒಳಗೆ ಬರುತ್ತದೆ ಎಂದುಕೊಳ್ಳಿ. 100 ಹೆಕ್ಟೇರಿನ ಚೌಕ ಕಾಡಿನಲ್ಲಿ 64 ಹೆಕ್ಟೇರ್ ನೆಮ್ಮದಿಯ ಒಡಲು ಉಳಿಯುತ್ತದೆ. ಅಷ್ಟೇ ಜಾಗ 4 ಕಿ.ಮೀ. ಉದ್ದ, 250 ಮೀಟರ್ ಅಗಲದ ಪಟ್ಟಿಯಾದರೆ ಸಿಗುವುದು 19 ಹೆಕ್ಟೇರ್ ಮಾತ್ರ! ಪಟ್ಟಿಗಳು ಬೇಡವೆಂದಲ್ಲ, ದೊಡ್ಡ ತುಂಡುಗಳನ್ನು ಬೆಸೆಯಲು ಅವು ಬೇಕು, ಆದರೆ ಅವುಗಳ ಬದಲಿಗಲ್ಲ.

ಕಾಲುದಾರಿಗಳದ್ದು ಇನ್ನೊಂದು ಕಥೆ. ಗುಡ್ಡದಿಂದ ನೇರ ಕೆಳಕ್ಕಿಳಿಸಿದ ದಾರಿ ಜೋರು ಮಳೆಗೆ ಕಾಲುವೆಯಾಗುತ್ತದೆ. ಕೆಸರು ತಪ್ಪಿಸಲು ಜನ ಪಕ್ಕದ ಹುಲ್ಲು ತುಳಿಯುತ್ತಾರೆ, ದಾರಿ ಅಗಲವಾಗುತ್ತಲೇ ಹೋಗುತ್ತದೆ. ಗುಡ್ಡದ ಮೈಗೆ ಅಡ್ಡಲಾಗಿ, ಸರಾಸರಿ ಏರು ಶೇ 10 ಮೀರದಂತೆ, ಪಕ್ಕದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಾಗದಂತೆ ದಾರಿ ತೆಗೆಯಬೇಕು. ದಾರಿಯ ಮೈಯನ್ನು ಇಳಿಜಾರಿನ ಕಡೆಯ ಹೊರ ಅಂಚಿನತ್ತ ಶೇ 5ರಷ್ಟು ಓರೆಯಾಗಿಸಿದರೆ ನೀರು ತಾನೇ ಜಾರಿಹೋಗುತ್ತದೆ.

1893ರಲ್ಲಿ ಬಾಸ್ಟನ್ ಸುತ್ತಲಿನ ಊರುಗಳೆಲ್ಲ ಸೇರಿ ಒಂದೇ ಉದ್ಯಾನ ಆಯೋಗ ಪಡೆದವು. ನದಿಗೆ ಊರಿನ ಗಡಿ ಗೊತ್ತಿಲ್ಲವಲ್ಲ. ಗಡಿಗೊಂದು ಸಂಸ್ಥೆ ಇದ್ದಲ್ಲಿ ಮುರಿದ ಕಾಲುಸೇತುವೆ ಯಾರದೆಂಬ ಪತ್ರವ್ಯವಹಾರವೇ ವರ್ಷಗಟ್ಟಲೆ ನಡೆಯುತ್ತದೆ. ನಿರ್ವಹಣೆಯ ಹಣ, ಹೊಣೆ ಎರಡನ್ನೂ ಜಮೀನು ಕೊಳ್ಳುವ ಮೊದಲೇ ಬರಹದಲ್ಲಿ ತೀರ್ಮಾನಿಸಿ.

— ಓದುಗರು