ಟೋಗೊಸ್ಟ್ರಾಸೆಗೂ ಒಂದು ಪುಟ್ಟ ಫಲಕ ಹಾಕಿಸಿ: ಬರ್ಲಿನ್‌ನ ಮಿಟ್ಟೆ ಜಿಲ್ಲೆಯ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಮೇಯರ್ ಅವರೇ,

ನಮಸ್ಕಾರ. ನಾನು ನಿಮ್ಮ ಜಿಲ್ಲೆಯ ವೆಡ್ಡಿಂಗ್‌ನಲ್ಲಿ, ಎಲ್ಲರೂ 'ಆಫ್ರಿಕನ್ ಬಡಾವಣೆ' ಎಂದು ಕರೆಯುವ ಕಡೆ, ಟೋಗೊಸ್ಟ್ರಾಸೆಯಲ್ಲಿ, ಅಂದರೆ ಟೋಗೊ ರಸ್ತೆಯಲ್ಲಿ, ಬಾಡಿಗೆ ಮನೆಯಲ್ಲಿದ್ದೇನೆ. ನನ್ನ ಊರು ಹಾಸನ. ಈ ಪತ್ರದ ಜರ್ಮನ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದು ಬರ್ಲಿನ್‌ನಲ್ಲಿರುವ ನಮ್ಮವರು ಓದಲಿ ಎಂದು. ಮನೆ ಹುಡುಕುವಾಗ ಬಾಡಿಗೆ ನೋಡುತ್ತೇವೆ, ಮೆಟ್ರೋ ಎಷ್ಟು ದೂರ ನೋಡುತ್ತೇವೆ, ರಸ್ತೆಗೆ ಆ ಹೆಸರು ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನನ್ನನ್ನು ಕೇಳುವ ಹಾಗೆ ಮಾಡಿದ್ದು ಅಮ್ಮ. ಚಟ್ನಿಪುಡಿ, ಹುರಿಹಿಟ್ಟು ಕಳಿಸಲು ಊರಿನ ಅಂಚೆ ಕಚೇರಿಗೆ ಹೋದಾಗ ಕೌಂಟರಿನಲ್ಲಿದ್ದವರು ವಿಳಾಸ ಓದಿ, "ಅಮ್ಮಾ, ಇದು ಟೋಗೊ ದೇಶಕ್ಕೋ ಜರ್ಮನಿಗೋ?" ಎಂದರಂತೆ. ಅಮ್ಮ ಅಲ್ಲಿಂದಲೇ ಫೋನ್ ಮಾಡಿದರು. "ಜರ್ಮನಿಗೇ ಅಂತ ಹೇಳಿ" ಎಂದೆ. "ಸರಿ, ಆದರೆ ಆ ಹೆಸರು ಯಾಕಪ್ಪ ಇಟ್ಟಿದ್ದಾರೆ?" ಎಂದು ಮತ್ತೆ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತಿನಿಂದ ಹುಡುಕಲು ಶುರು ಮಾಡಿದೆ.

ಟೋಗೊ ರಸ್ತೆಗೂ ಕಾಮೆರೂನ್ ರಸ್ತೆಗೂ ಹೆಸರು ಬಂದದ್ದು 1899ರಲ್ಲಿ. ಆಗ ಆ ಎರಡೂ ನಾಡುಗಳು ಜರ್ಮನಿಯ ವಸಾಹತುಗಳು. ಆಮೇಲೆ ಆಫ್ರಿಕಾದ ಇನ್ನಷ್ಟು ಊರು, ಪ್ರದೇಶಗಳ ಹೆಸರು ಒಂದೊಂದಾಗಿ ಸೇರಿಕೊಂಡವು: ಸ್ವಾಕೊಪ್‌ಮುಂಡ್, ವಿಂಡ್‌ಹುಕ್, ಒಟಾವಿ, ಡುವಾಲಾ, ಉಸಾಂಬರಾ, ಜಾಂಜಿಬಾರ್. ಇದೆಲ್ಲ ಒಂದು ಮೃಗಾಲಯದ ಯೋಜನೆಯಿಂದ ಬಂದ ಹೆಸರು ಎಂದು ಇಲ್ಲಿ ಹೇಳುವವರಿದ್ದಾರೆ. ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ ಪಕ್ಕದ ರೇಬೆರ್ಗೆಯಲ್ಲಿ ದೊಡ್ಡ ಪ್ರಾಣಿಸಂಗ್ರಹಾಲಯ ಮಾಡಬೇಕೆಂದಿದ್ದ, ಮೊದಲ ಮಹಾಯುದ್ಧ ಬಂದು ಅದು ನಿಂತುಹೋಯಿತು. ಇದು ನಿಜವೇ. ಆದರೆ ಅದೇ ಹಾಗೆನ್‌ಬೆಕ್ ಪ್ರಾಣಿಗಳ ಜೊತೆ ಮನುಷ್ಯರನ್ನೂ ಪ್ರದರ್ಶನಕ್ಕೆ ನಿಲ್ಲಿಸುತ್ತಿದ್ದ. ಆಫ್ರಿಕಾದವರನ್ನಷ್ಟೇ ಅಲ್ಲ, ಸಿಲೋನಿನಿಂದಲೂ ಜನರನ್ನು ಕರೆತಂದು ಬೇಲಿಯೊಳಗೆ ಕುಣಿಸಿದ್ದ. 1896ರಲ್ಲಿ ಇದೇ ಬರ್ಲಿನ್‌ನ ಟ್ರೆಪ್ಟೋ ಪಾರ್ಕಿನಲ್ಲಿ ನಡೆದ ವಸಾಹತು ಪ್ರದರ್ಶನಕ್ಕೆ 100ಕ್ಕೂ ಹೆಚ್ಚು ಜನರನ್ನು ಹೀಗೆ ತಂದಿದ್ದರು. ಅದಾಗಿ ಮೂರೇ ವರ್ಷಕ್ಕೆ ನನ್ನ ರಸ್ತೆಗೆ ಹೆಸರಿಟ್ಟರು. ಹಾಗಾಗಿ ಮೃಗಾಲಯದ ಕತೆ ಹೇಳಿ ಸುಮ್ನೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಮೇಯರ್ ಅವರೇ, ನಿಮ್ಮ ಜಿಲ್ಲೆ ಮಾಡಿದ ಕೆಲಸವನ್ನು ನಾನು ಸಣ್ಣದು ಎನ್ನುತ್ತಿಲ್ಲ. ವಸಾಹತು ಕಟ್ಟಿದವರ ಹೆಸರು ಹೊತ್ತ ರಸ್ತೆಗಳಿಗೆ ಹೊಸ ಹೆಸರಿಡಲು 2018ರಲ್ಲಿ ಜಿಲ್ಲಾ ಸಭೆ ತೀರ್ಮಾನ ಮಾಡಿತು. 2022ರ ಡಿಸೆಂಬರ್ 2ರಂದು ನಾಖ್ಟಿಗಾಲ್ ಚೌಕ ಮಾಂಗಾ ಬೆಲ್ ಚೌಕವಾಯಿತು, ಲ್ಯೂಡೆರಿಟ್ಸ್ ರಸ್ತೆ ಕೊರ್ನೇಲಿಯಸ್ ಫ್ರೆಡೆರಿಕ್ಸ್ ರಸ್ತೆಯಾಯಿತು. 2024ರ ಆಗಸ್ಟ್‌ನಲ್ಲಿ ಪೇಟರ್ಸ್ ಅಲೇ ಎಂಬ ರಸ್ತೆಯ ಒಂದು ಭಾಗಕ್ಕೆ ನಮೀಬಿಯಾದ ಹೋರಾಟಗಾರ್ತಿ ಆನಾ ಮುಂಗುಂಡಾ ಅವರ ಹೆಸರು, ಇನ್ನೊಂದು ಭಾಗಕ್ಕೆ ಪೂರ್ವ ಆಫ್ರಿಕಾದಲ್ಲಿ ಜರ್ಮನ್ ಆಳ್ವಿಕೆಯ ವಿರುದ್ಧ ನಡೆದ 'ಮಾಜಿ ಮಾಜಿ' ದಂಗೆಯ ಹೆಸರು ಬಂತು. ಈ ನಡುವೆ ಎಷ್ಟು ಆಕ್ಷೇಪಣೆ, ಎಷ್ಟು ಕೋರ್ಟು! ಕಪ್ಪು ಜನರನ್ನು ಹೀಯಾಳಿಸುವ ಪದವನ್ನು ಹೊತ್ತಿದ್ದ, ನಿಮ್ಮದೇ ಜಿಲ್ಲೆಯ ಮೋರೆನ್‌ಸ್ಟ್ರಾಸೆಗೆ ಆಫ್ರಿಕಾದಲ್ಲಿ ಹುಟ್ಟಿದ 18ನೇ ಶತಮಾನದ ತತ್ತ್ವಜ್ಞಾನಿ ಆಂಟೋನ್ ವಿಲ್ಹೆಲ್ಮ್ ಆಮೊ ಅವರ ಹೆಸರಿಡುವ ವಿಷಯವೂ 2025ರ ಆಗಸ್ಟ್‌ನಲ್ಲಿ ಕೊನೆ ಗಳಿಗೆಯವರೆಗೆ ಕೋರ್ಟಿನಲ್ಲಿತ್ತು. ಆದರೂ ನೀವು ಬಿಡಲಿಲ್ಲ. ಅದಕ್ಕೆ ಮನಸ್ಸಿನಿಂದ ಕೃತಜ್ಞತೆ ಹೇಳುತ್ತೇನೆ.

ನನ್ನ ಮಾತು ಅದರ ನಂತರದ್ದು. ಹಳೆಯ ಹೆಸರು ಗೋಡೆಯಿಂದ ಇಳಿದ ಮೇಲೆ ಅದರ ಕತೆಯೂ ಇಳಿದುಹೋಗುತ್ತಿದೆ. ಹೊಸ ಹೆಸರು ಒಂದು ಉತ್ತರದ ಹಾಗೆ ನಿಂತಿದೆ, ಆದರೆ ಯಾವ ಪ್ರಶ್ನೆಗೆ ಉತ್ತರ ಎಂದು ದಾರಿಯಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ.

ಮಾಂಗಾ ಬೆಲ್ ಚೌಕವನ್ನೇ ನೋಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಿಂಗಳುಗಟ್ಟಲೆ ಈ ಕತೆ ನನ್ನ ತಲೆಯಿಂದ ಹೋಗಿಲ್ಲ. 1884ರ ಜುಲೈನಲ್ಲಿ ಕಾಮೆರೂನ್ ನದಿಯ ದಡದಲ್ಲಿದ್ದ ಡುವಾಲಾ ಜನರ ರಾಜ ಎನ್‌ಡುಂಬೆ ಲೋಬೆ ಬೆಲ್ ಮತ್ತು ಇತರ ಮುಖಂಡರು ಜರ್ಮನ್ ವ್ಯಾಪಾರಿಗಳ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಆಡಳಿತ ಜರ್ಮನಿಗೆ, ಆದರೆ ಊರಿನ ನೆಲ ಮಾತ್ರ ಊರಿನವರದ್ದೇ ಎಂಬುದು ಆಗ ಕೊಟ್ಟ ಮಾತು. ಆ ತಿಂಗಳೇ ಅಲ್ಲಿ ಜರ್ಮನ್ ಬಾವುಟ ಹಾರಿಸಿದ್ದು ಜರ್ಮನ್ ಸರ್ಕಾರದ ಪ್ರತಿನಿಧಿ ಗುಸ್ಟಾವ್ ನಾಖ್ಟಿಗಾಲ್. ಮುಂದೆ ರಾಜನ ಮೊಮ್ಮಗ ರುಡೋಲ್ಫ್ ಡುವಾಲಾ ಮಾಂಗಾ ಬೆಲ್ ಓದಿಗೆಂದು ಜರ್ಮನಿಗೆ ಬಂದ. ಆಲೆನ್‌ನಲ್ಲೂ ಉಲ್ಮ್‌ನಲ್ಲೂ ಓದಿದ, ಚೆನ್ನಾಗಿ ಜರ್ಮನ್ ಕಲಿತ, ವಾಪಸ್ ಹೋಗಿ ಮುಂದೆ ತಾನೇ ರಾಜನಾದ. 1910ರ ಹೊತ್ತಿಗೆ ಸರ್ಕಾರ ಹೊಸ ಯೋಜನೆ ಮಾಡಿತು. ನದಿದಡದ ಒಳ್ಳೆಯ ಜಾಗದಿಂದ ಡುವಾಲಾ ಜನರನ್ನು ಎಬ್ಬಿಸುವುದು, ಅಲ್ಲಿ ಬಿಳಿಯರು ಮಾತ್ರ ಇರುವುದು, ನಡುವೆ ಖಾಲಿ ಪಟ್ಟಿ ಬಿಡುವುದು. ಮಾಂಗಾ ಬೆಲ್ ಕೋವಿ ಹಿಡಿಯಲಿಲ್ಲ. ಅಜ್ಜ ಸಹಿ ಹಾಕಿದ ಕಾಗದವನ್ನು ಮುಂದಿಟ್ಟ. ನೀವೇ ಕೊಟ್ಟ ಮಾತು, ಉಳಿಸಿಕೊಳ್ಳಿ ಎಂದು ಬರ್ಲಿನ್‌ನ ಸಂಸತ್ತಿಗೆ ಅರ್ಜಿ ಬರೆದ. ತನ್ನ ಕಾರ್ಯದರ್ಶಿ ಎನ್‌ಗೊಸೊ ಡಿನ್‌ನನ್ನು ಇಲ್ಲಿಗೆ ಕಳಿಸಿದ. ಡಿನ್‌ನನ್ನು ಬರ್ಲಿನ್‌ನಲ್ಲೇ ಬಂಧಿಸಿದರು. 1914ರ ಆಗಸ್ಟ್ 8ರಂದು, ಯುದ್ಧ ಶುರುವಾದ ಗದ್ದಲದಲ್ಲಿ, ರಾಜದ್ರೋಹ ಎಂದು ಹೇಳಿ ಇಬ್ಬರನ್ನೂ ಗಲ್ಲಿಗೇರಿಸಿದರು. ವಿಚಾರಣೆ ನಡೆದದ್ದು ಅದರ ಹಿಂದಿನ ದಿನ, ಒಂದೇ ದಿನ.

ಅಂದರೆ ಬಾವುಟ ಹಾರಿಸಿದವನ ಹೆಸರು 1910ರಿಂದ ಹೊತ್ತಿದ್ದ ಚೌಕ ಈಗ ಆ ಬಾವುಟದ ಕೆಳಗೆ ಕೊಟ್ಟ ಮಾತನ್ನು ಕೇಳಿದ್ದಕ್ಕೆ ಸತ್ತವನ ಹೆಸರನ್ನೂ ಅವನ ಹೆಂಡತಿ ಎಮಿಲಿಯ ಹೆಸರನ್ನೂ ಹೊತ್ತಿದೆ. ಹೆಸರು ಬದಲಾದ ದಿನ ಅದೇ ಮನೆತನದ ಈಗಿನ ರಾಜ ಕಾಮೆರೂನಿನಿಂದ ಬಂದಿದ್ದರು. ಎರಡೂ ಹೆಸರು ಒಟ್ಟಿಗೆ ಕಂಡರೆ ಮಾತ್ರ ಇದರ ಭಾರ ಗೊತ್ತಾಗುತ್ತದೆ, ಅಲ್ವಾ?

ಪಕ್ಕದ ರಸ್ತೆಯದ್ದೂ ಇದೇ ಬಗೆ. ಬ್ರೆಮೆನ್‌ನ ತಂಬಾಕು ವ್ಯಾಪಾರಿ ಆಡೋಲ್ಫ್ ಲ್ಯೂಡೆರಿಟ್ಸ್ 1883ರಲ್ಲಿ ಈಗಿನ ನಮೀಬಿಯಾದ ಕರಾವಳಿಯನ್ನು ಬೆಥಾನಿ ಎಂಬ ಊರಿನ ನಾಮಾ ಜನಾಂಗದ ಮುಖಂಡನಿಂದ ಕೊಂಡ. ಕಾಗದದಲ್ಲಿ ಒಳನಾಡಿಗೆ 20 ಮೈಲಿ ಎಂದಿತ್ತು. ನಾಮಾ ಜನರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಮೈಲಿ, ಅಂದರೆ 1.6 ಕಿಲೋಮೀಟರ್. ಆಮೇಲೆ ಇವರು ಲೆಕ್ಕ ಹಾಕಿದ್ದು 7.4 ಕಿಲೋಮೀಟರಿನ ಜರ್ಮನ್ ಮೈಲಿಯಲ್ಲಿ. ಸುಮಾರು 32 ಕಿಲೋಮೀಟರ್ ಎಂದು ಕೊಟ್ಟದ್ದು 148 ಆಯಿತು! ಹೊಲ ಅಳೆಸಿ ಮೋಸ ಹೋದವರ ಸಂಕಟ ನಮ್ಮ ಊರಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಅದೇ ಬೆಥಾನಿಯ ಕೊರ್ನೇಲಿಯಸ್ ಫ್ರೆಡೆರಿಕ್ಸ್ ಮುಂದೆ ಜರ್ಮನ್ ಸೈನ್ಯದ ವಿರುದ್ಧ ಹೋರಾಡಿ, ಸೆರೆಸಿಕ್ಕಿ, 1907ರಲ್ಲಿ ಶಾರ್ಕ್ ದ್ವೀಪದ ಶಿಬಿರದಲ್ಲಿ ಸತ್ತ. ಆ ದ್ವೀಪ ಇರುವುದು ಲ್ಯೂಡೆರಿಟ್ಸ್ ಎಂಬ ಊರಿನ ಅಂಚಿನಲ್ಲೇ. 1904ರಿಂದ 1908ರವರೆಗೆ ಆ ಇಡೀ ವಸಾಹತಿನಲ್ಲಿ ಹೆರೆರೊ, ನಾಮಾ ಜನಾಂಗಗಳ ಹತ್ತಾರು ಸಾವಿರ ಮಂದಿ ಸತ್ತರು. ಅದು ನರಮೇಧ ಎಂದು ನಿಮ್ಮ ಸರ್ಕಾರವೇ 2021ರಲ್ಲಿ ಒಪ್ಪಿಕೊಂಡಿದೆ.

ಇನ್ನು ಪೇಟರ್ಸ್ ಅಲೇಗೆ ಹೆಸರು ಕೊಟ್ಟ ವಸಾಹತು ಅಧಿಕಾರಿ ಕಾರ್ಲ್ ಪೇಟರ್ಸ್. ಪೂರ್ವ ಆಫ್ರಿಕಾದಲ್ಲಿ ಅವನ ಕ್ರೌರ್ಯಕ್ಕೆ 1897ರಲ್ಲಿ ಅಂದಿನ ಸರ್ಕಾರವೇ ಅವನನ್ನು ಕೆಲಸದಿಂದ ತೆಗೆದಿತ್ತು. 1939ರಲ್ಲಿ ನಾಜಿಗಳು ಅವನ ಹೆಸರನ್ನು ರಸ್ತೆಗೆ ಇಟ್ಟರು. 1986ರಲ್ಲಿ ಏನು ಮಾಡಿದರು ನೋಡಿ: ಹೆಸರು ಹಾಗೇ ಇರಲಿ, ಆದರೆ ಇನ್ನು ಮುಂದೆ ಇದು ನಾಜಿಗಳನ್ನು ವಿರೋಧಿಸಿದ ಹಾನ್ಸ್ ಪೇಟರ್ಸ್ ಎಂಬ ಇನ್ನೊಬ್ಬರ ಹೆಸರು ಎಂದರು. ಹಾನ್ಸ್ ಪೇಟರ್ಸ್ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತೇಪೆಯಿಂದ ಹಳೆಯ ಕತೆ ಇನ್ನೂ 38 ವರ್ಷ ಮುಚ್ಚಿಹೋಯಿತು. ವಿವರಣೆಯ ಒಂದು ಸಾಲಿನಿಂದ ಕತೆಯನ್ನು ಮುಚ್ಚಬಹುದಾದರೆ ಬಿಚ್ಚಿಡಲೂಬಹುದು. ನಾನು ಕೇಳುತ್ತಿರುವುದು ಆ ಎರಡನೆಯದನ್ನು.

ಒಟಾವಿ ರಸ್ತೆ ಮ್ಯೂಲರ್ ರಸ್ತೆಯನ್ನು ಸೇರುವ ಮೂಲೆಯಲ್ಲಿ 2012ರಿಂದ ಒಂದು ಮಾಹಿತಿ ಕಂಬ ಇದೆ, ಗೊತ್ತು. ಒಂದು ಬದಿಯಲ್ಲಿ ಜಿಲ್ಲೆಯ ಮಾತು, ಇನ್ನೊಂದು ಬದಿಯಲ್ಲಿ ಸಂಘಟನೆಗಳ ಮಾತು. ಒಳ್ಳೆಯ ಕೆಲಸ. ಆದರೆ ಒಂದು ಕಂಬ ಇಡೀ ಬಡಾವಣೆಗೆ ಸಾಲದು. ನಾನು ದಿನಾ ನಡೆಯುವ ಟೋಗೊ ರಸ್ತೆಯ ಮೂಲೆಗಳಲ್ಲಿ ಹೆಸರಿನ ಫಲಕ ಬಿಟ್ಟು ಬೇರೆ ಒಂದು ಸಾಲೂ ನನಗೆ ಕಂಡಿಲ್ಲ. ಮನುಷ್ಯರ ಹೆಸರಿನ ರಸ್ತೆಗಳಿಗೆ ಬರ್ಲಿನ್‌ನಲ್ಲಿ ಎಷ್ಟೋ ಕಡೆ ಪುಟ್ಟ ಫಲಕ ಇರುತ್ತದೆ, ಹುಟ್ಟಿದ ವರ್ಷ, ಸತ್ತ ವರ್ಷ, ಏನು ಮಾಡಿದರು ಎಂದು. ದೇಶದ ಹೆಸರು, ಊರಿನ ಹೆಸರು ಎಂದರೆ ಮಾತ್ರ ಭೂಗೋಳದ ಪಾಠದ ಹಾಗೆ ಬಿಟ್ಟುಬಿಡುತ್ತೇವೆ. ಸ್ವಾಕೊಪ್‌ಮುಂಡ್ ಎಂದರೆ ಕಡಲ ತಡಿಯ ಒಂದು ಊರು ಎಂದುಕೊಳ್ಳುತ್ತೇವೆ. ಅಲ್ಲೂ ಹೆರೆರೊ ಜನರ ಸೆರೆಶಿಬಿರ ಇತ್ತು. ಉಸಾಂಬರಾ ಎಂದರೆ ಇಲ್ಲಿಯವರಿಗೆ ಕಿಟಕಿಯಲ್ಲಿಡುವ ನೇರಳೆ ಹೂವಿನ ಕುಂಡ ನೆನಪಾಗುತ್ತದೆ. ಆ ಹೂವು ಯುರೋಪಿಗೆ ಬಂದದ್ದೂ ಟಾಂಜಾನಿಯಾದ ಆ ಬೆಟ್ಟಗಳಿಂದ, ಒಬ್ಬ ವಸಾಹತು ಅಧಿಕಾರಿಯ ಕೈಯಿಂದ.

ಎಲ್ಲ ಹೆಸರೂ ಒಂದೇ ಬಗೆಯದ್ದಲ್ಲ ಎನ್ನುವುದನ್ನೂ ಹೇಳಬೇಕು. ಘಾನಾ ರಸ್ತೆ ಇದೆಯಲ್ಲ, ಅದಕ್ಕೆ ಆ ಹೆಸರು ಬಂದದ್ದು 1958ರಲ್ಲಿ, ಘಾನಾ ಸ್ವತಂತ್ರವಾದ ಮರುವರ್ಷ. ಅದು ಬಿಡುಗಡೆಯ ಹೆಸರು. ಟೋಗೊ ರಸ್ತೆಯದ್ದು ಒಡೆತನದ ಹೆಸರು. ಎರಡು ಫಲಕಗಳೂ ಒಂದೇ ಅಕ್ಷರದಲ್ಲಿ, ಒಂದೇ ಅಳತೆಯಲ್ಲಿವೆ. ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ನೀನು ಭಾರತದವನು, ನಿನಗೇನು ಇದರಲ್ಲಿ ಎಂದು ಒಬ್ಬ ಸ್ನೇಹಿತ ಕೇಳಿದ. ಬೆಂಗಳೂರಿನ ಲಾಲ್‌ಬಾಗ್ ಹತ್ತಿರ ಕ್ರುಂಬಿಗಲ್ ರಸ್ತೆ ಇದೆ, ಡ್ರೆಸ್ಡನ್ ಕಡೆಯಿಂದ ಬಂದು ನಮ್ಮ ತೋಟಗಳನ್ನು ಕಟ್ಟಿದ ಜರ್ಮನ್ ತೋಟಗಾರನ ಹೆಸರು. ಕಾಲೇಜಿನ ದಿನಗಳಲ್ಲಿ ಅಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಅದು ಒಬ್ಬ ಮನುಷ್ಯನ ಹೆಸರು ಎಂದೇ ನನಗೆ ತಿಳಿದಿರಲಿಲ್ಲ. ಇನ್ನೊಂದು ನಂಟೂ ಇದೆ. 1834ರಿಂದ ಮಂಗಳೂರಿನಲ್ಲಿದ್ದ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದ ಬಾಸೆಲ್ ಮಿಷನ್ನೇ 1886ರಲ್ಲಿ ಕಾಮೆರೂನಿಗೂ ಹೋಯಿತು. ಒಂದೇ ಸಂಸ್ಥೆಯ ಪಾದ್ರಿಗಳು ನಮ್ಮ ಕರಾವಳಿಯಲ್ಲೂ ಡುವಾಲಾದಲ್ಲೂ ಶಾಲೆ ತೆರೆದರು. ಹಾಗಾಗಿ ಮಾಂಗಾ ಬೆಲ್ ಕತೆ ನನಗೆ ತೀರಾ ದೂರದ್ದು ಅನ್ನಿಸಲಿಲ್ಲ.

ನಮ್ಮ ಕಟ್ಟಡದಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಹುಟ್ಟಿ ಬೆಳೆದದ್ದೆಲ್ಲ ಇದೇ ಬಡಾವಣೆಯಲ್ಲಿ. ಹೆಸರು ಬದಲಾದದ್ದು ಅವರಿಗೆ ಇಷ್ಟವಿಲ್ಲ. "ನನ್ನ ಬಾಲ್ಯದ ವಿಳಾಸವನ್ನೇ ತೆಗೆದುಬಿಟ್ಟರು" ಎನ್ನುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಅದನ್ನು ತಳ್ಳಿಹಾಕಬೇಡಿ. ನಾನು ಮೈಲಿಯ ಕತೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಲೇ ಇಲ್ಲವಲ್ಲ" ಎಂದರು. ಫಲಕ ಬೇಕಾಗಿರುವುದು ನನ್ನಂಥ ಹೊಸಬರಿಗಿಂತ ಜಾಸ್ತಿ ಅವರಂಥವರಿಗೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಹೆಸರು ಬದಲಾದ ರಸ್ತೆಗಳಲ್ಲಿ ಹೊಸ ಹೆಸರಿನ ಜೊತೆ ಹಳೆಯ ಹೆಸರು ಯಾವುದು, ಯಾಕೆ ಹೋಯಿತು ಎಂದೂ ಬರೆಸಿ. ದೇಶದ, ಊರಿನ ಹೆಸರು ಉಳಿದಿರುವ ಪ್ರತಿ ರಸ್ತೆಗೂ ಎರಡು ಸಾಲಿನ ಫಲಕ ಹಾಕಿಸಿ. ಇದಕ್ಕೆ ಯಾರೂ ಗುರುತಿನ ಚೀಟಿ ಬದಲಿಸಬೇಕಾಗಿಲ್ಲ, ಯಾವ ಅಂಗಡಿಯವರೂ ಹೊಸ ರಶೀದಿ ಪುಸ್ತಕ ಮಾಡಿಸಬೇಕಾಗಿಲ್ಲ. ಸಾಲುಗಳನ್ನು ಬರೆಯುವಾಗ ಈ ಜಿಲ್ಲೆಯಲ್ಲೇ ಇರುವ ಟೋಗೊ, ಕಾಮೆರೂನ್, ನಮೀಬಿಯಾದ ಜನರನ್ನು ಕೂರಿಸಿಕೊಂಡು ಬರೆಯಿರಿ.

ನನಗೆ ಇಲ್ಲಿ ಮತ ಹಾಕುವ ಹಕ್ಕಿಲ್ಲ, ಆದರೆ ಜಿಲ್ಲಾ ಸಭೆಯಲ್ಲಿ ನಿವಾಸಿಗಳು ಪ್ರಶ್ನೆ ಕೇಳುವ ಹೊತ್ತು ಒಂದಿದೆ. ಅಲ್ಲಿಗೆ ಬಂದು ಇದನ್ನೇ ಕೇಳುತ್ತೇನೆ. ನನ್ನ ರಸ್ತೆಯ ಫಲಕಕ್ಕೆ ಒಂದು ಕರಡು ಈಗಲೇ ಕೊಡುತ್ತಿದ್ದೇನೆ, ತಿದ್ದುವುದಿದ್ದರೆ ತಿದ್ದಿ:

"ಟೋಗೊ: ಪಶ್ಚಿಮ ಆಫ್ರಿಕಾದ ದೇಶ. 1884ರಿಂದ 1914ರವರೆಗೆ ಜರ್ಮನಿಯ ವಸಾಹತು. ರಸ್ತೆಗೆ ಈ ಹೆಸರಿಟ್ಟದ್ದು 1899ರಲ್ಲಿ, ಅಲ್ಲಿಯ ಜನರನ್ನು ಕೇಳದೆ. 1960ರಿಂದ ಸ್ವತಂತ್ರ."

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇತಿ,
ಟೋಗೊಸ್ಟ್ರಾಸೆಯ ಒಬ್ಬ ನಿವಾಸಿ
ವೆಡ್ಡಿಂಗ್, ಬರ್ಲಿನ್