ಅಂಚೆಪೆಟ್ಟಿಗೆಯ ಮೇಲಿನ ಚೀಟಿ

ಬರ್ಲಿನ್‌ನ ನೋಂದಣಿ ಕಚೇರಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯ ಮಹಿಳೆಗೆ ಈ ನಮಸ್ಕಾರ. ಹೆಸರು ಕೇಳುವಷ್ಟರಲ್ಲಿ ಅವರ ಸರದಿ ಬಂದುಬಿಟ್ಟಿತು.

ಮನೆ ಸೇರಿದ 14 ದಿನಗಳೊಳಗೆ ವಿಳಾಸ ನೋಂದಾಯಿಸಬೇಕೆಂದು ನನಗೆ ಗೊತ್ತಿತ್ತು. ಬಾಡಿಗೆ ಕರಾರು ಸಾಲದು, ಮನೆಯೊಡೆಯರು ಸಹಿ ಹಾಕಿದ ದೃಢೀಕರಣ ಪತ್ರವೇ ಬೇಕೆಂಬುದು ಗೊತ್ತಿರಲಿಲ್ಲ. ನನ್ನ ಕಡತ ನೋಡಿ ಆ ಮಹಿಳೆಯೇ ಎಚ್ಚರಿಸಿದರು, ಖಾಲಿ ನಮೂನೆಯನ್ನೂ ತಂದುಕೊಟ್ಟರು. ಆಮೇಲೆ ಕೇಳಿದರು: ‘ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿದೆಯೇ?’ ಅಲ್ಲಿ ಫ್ಲ್ಯಾಟ್ ಸಂಖ್ಯೆಯಲ್ಲ, ಹೆಸರು ನೋಡಿ ಕಾಗದ ಹಾಕುತ್ತಾರೆ. ನೋಟ್‌ಬುಕ್ಕಿನ ಹಾಳೆ ಹರಿದು, ನನ್ನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರ ಕೇಳಿಕೊಂಡು ದಪ್ಪಗೆ ಬರೆದುಕೊಟ್ಟರು. ಯಾರು ಇಷ್ಟು ತಾಳ್ಮೆ ತೋರಿಸುತ್ತಾರೆ!

ನೋಂದಣಿಯಾಯಿತು. ಕೆಲವು ವಾರಗಳ ನಂತರ ತೆರಿಗೆ ಗುರುತಿನ ಸಂಖ್ಯೆಯ ಪತ್ರ ಆ ಪೆಟ್ಟಿಗೆಗೇ ಬಂದು ಬಿತ್ತು. ಅಮ್ಮಾ, ನೀವು ಬರೆದ ಚೀಟಿ ಇನ್ನೂ ಅಲ್ಲೇ ಅಂಟಿಕೊಂಡಿದೆ.