ಹಳೇ ಗಾಡಿಗೆ ಇನ್ನು ಮುಂದೆ ಬೇರೆ ಆಯಿಲ್

ಎಲ್ಲರಿಗೂ ನಮಸ್ಕಾರ.

ಎರಡು ವರ್ಷದಿಂದ ನಮ್ಮ ಗ್ಯಾರೇಜಿನಲ್ಲಿ ಕಾರಿಗೆಲ್ಲ ಒಂದೇ ಡ್ರಮ್ಮು. 5ಡಬ್ಲ್ಯೂ-30 ಸಿಂಥೆಟಿಕ್ ಇಂಜಿನ್ ಆಯಿಲ್ (ಆ ನಂಬರು ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತದೆ, ಇದು ತೆಳು). ಮೊನ್ನೆ ಶೋರೂಮಿನಿಂದ ಬಂದ ಕಾರಿಗೂ ಅದೇ, ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಗೂ ಅದೇ. ರೇಟು ಜಾಸ್ತಿ ಇರುವ ಆಯಿಲ್ ಹಾಕಿದರೆ ಹಳೇ ಇಂಜಿನ್ನಿಗೂ ಒಳ್ಳೆಯದೇ ಅಲ್ವಾ ಅಂತ ಅಂದುಕೊಂಡಿದ್ದೆವು. ಹಾಗಲ್ಲ. ಈ ತಿಂಗಳಿಂದ ಪದ್ಮಿನಿ, ಅಂಬಾಸಿಡರ್, ಹಳೇ ಬುಲೆಟ್ ಇವಕ್ಕೆ ದಪ್ಪನೆಯ 20ಡಬ್ಲ್ಯೂ-50 ಮಿನರಲ್ (ಸಿಂಥೆಟಿಕ್ ಅಲ್ಲದ ಮಾಮೂಲಿ) ಆಯಿಲ್ ಹಾಕುತ್ತೇವೆ. ಉಳಿದ ಬೈಕಿಗೆ ಬೈಕಿನದೇ ಆಯಿಲ್. ನೀವು ಮನೆಯಿಂದ ಡಬ್ಬ ತಂದರೆ ಮೊದಲು ಅದರ ಹಿಂದೆ ಬರೆದಿರುವುದನ್ನು ಓದುತ್ತೇವೆ, ಸರಿಯಿಲ್ಲದಿದ್ದರೆ ಹಾಕುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಣ್ಣು ತೆರೆಸಿದ್ದು ಒಂದು ಹಳೇ ಸ್ಪ್ಲೆಂಡರ್. ನಮ್ಮ ಮೇಷ್ಟ್ರೊಬ್ಬರು ಕಾರಿಗೆ ಹಾಕಿ ಮಿಕ್ಕ ಸಿಂಥೆಟಿಕ್ ಆಯಿಲ್ ತಂದು, ಸುಮ್ನೆ ಯಾಕೆ ವೇಸ್ಟು, ಬೈಕಿಗೆ ಹಾಕಿಬಿಡಿ ಅಂದರು. ನಮ್ಮ ಹುಡುಗ ಹಾಕಿಯೇಬಿಟ್ಟ. ಸ್ವಲ್ಪ ದಿನ ಏನೂ ಗೊತ್ತಾಗಲಿಲ್ಲ. ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದ್ದಾರೆ, ಅರ್ಧ ದಾರಿಯಲ್ಲಿ ಎಕ್ಸಲರೇಟರ್ ಎಷ್ಟು ತಿರುಗಿಸಿದರೂ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಕ್ಲಚ್ ಸ್ಲಿಪ್. ಬಿಚ್ಚಿ ನೋಡಿದರೆ ಪ್ಲೇಟು ಸವೆದೇ ಇರಲಿಲ್ಲ, ಕೈಯಲ್ಲಿ ಹಿಡಿದರೆ ಸೋಪು ಸವರಿದ ಹಾಗೆ ಜಾರುತ್ತಿತ್ತು. ಸ್ಪ್ಲೆಂಡರಿನಂಥ ಬೈಕಿನಲ್ಲಿ ಇಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಆಯಿಲಿಗೆ ಪೆಟ್ರೋಲ್ ಉಳಿಯಲಿ ಅಂತ ಜಾರಿಸುವ ಸಾಮಾನು ಬೆರೆಸಿರುತ್ತಾರೆ. ಕಾರಿಗೆ ಅದು ಒಳ್ಳೆಯದು, ಅದರ ಕ್ಲಚ್ ಒಣಗಿದ ಜಾಗದಲ್ಲಿರುತ್ತದೆ. ಬೈಕಿನ ಕ್ಲಚ್ ಹಿಡಿಯಬೇಕು, ಜಾರಬಾರದು. ಬೈಕಿನ ಡಬ್ಬದ ಮೇಲೆ ಜಾಸೋ ಎಂಎ (ಬೈಕಿನ ಆಯಿಲಿಗೆ ಜಪಾನಿನವರು ಮಾಡಿದ ದರ್ಜೆ) ಅಂತ ಇದೆಯಾ ನೋಡಿ. ರಿಸೋರ್ಸ್ ಕನ್ಸರ್ವಿಂಗ್ (ಪೆಟ್ರೋಲ್ ಉಳಿಸುವ ಆಯಿಲ್) ಅಂತ ಇದ್ದರೆ ಅದು ಕಾರಿಗೇ ಇರಲಿ. ಮೇಷ್ಟ್ರ ಹತ್ತಿರ ಪ್ಲೇಟಿನ ದುಡ್ಡು ತೆಗೆದುಕೊಳ್ಳಲಿಲ್ಲ, ಓದದೇ ಸುರಿದಿದ್ದು ನಾವು.

ಇನ್ನು ಹಳೇ ಕಾರು. ಪದ್ಮಿನಿ, ಅಂಬಾಸಿಡರ್ ಪೆಟ್ರೋಲ್ ಇಂಜಿನ್ನಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್, ತಾನು ತಳ್ಳುವ ಚಪ್ಪಟೆ ತುಂಡಿನ (ಟ್ಯಾಪೆಟ್ಟು) ಮೇಲೆ ಉಜ್ಜಿಕೊಂಡೇ ತಿರುಗುತ್ತದೆ, ನಡುವೆ ರೋಲರ್ ಗೀಲರ್ ಏನೂ ಇಲ್ಲ. ಅಲ್ಲಿ ಲೋಹಕ್ಕೆ ಲೋಹ ತಾಗದ ಹಾಗೆ ಕಾಯುವುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ, ಗ್ಯಾರೇಜು ಭಾಷೆಯಲ್ಲಿ ಜಿಂಕ್. ರಂಜಕ ಹೊಗೆಯ ಜೊತೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ ಅಂತ ಆಯಿಲಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಎಪಿಐನವರು 2004ರ ಎಸ್‌ಎಂ ದರ್ಜೆಯಿಂದ 5ಡಬ್ಲ್ಯೂ-30ರಂಥ ತೆಳು ಆಯಿಲಿಗೆ ರಂಜಕವನ್ನು 0.08 ಪರ್ಸೆಂಟಿಗೆ ಇಳಿಸಿದರು. ಕನ್ವರ್ಟರೇ ಇಲ್ಲದ ನಮ್ಮ ಪದ್ಮಿನಿಗೆ ಅದರಿಂದ ಏನು ಲಾಭ? 20ಡಬ್ಲ್ಯೂ-50ಕ್ಕೆ ಆ ಮಿತಿ ಇಲ್ಲ. ಜೊತೆಗೆ ಹಳೇ ಇಂಜಿನ್ನಿನ ಬೇರಿಂಗ್ ಸಂದು ಸವೆದು ಅಗಲವಾಗಿರುತ್ತದೆ, ಬಿಸಿಯಾದ ಮೇಲೂ ದಪ್ಪ ಉಳಿಯುವ ಆಯಿಲ್ ಇದ್ದರೇ ಪ್ರೆಶರ್ ನಿಲ್ಲುವುದು.

ಸಿಂಥೆಟಿಕ್ ಹಾಕಿದ ಮೇಲೆ ಸೀಲ್ ಹೋಯಿತು, ಆಯಿಲ್ ಸೋರುತ್ತಿದೆ ಅಂತ ತುಂಬಾ ಜನ ಹೇಳಿದಿರಿ. ಆಯಿಲ್ ಸೋರದ ಹಾಗೆ ತಡೆಯುವ ಆ ರಬ್ಬರ್ ಸೀಲ್ ಮೊದಲೇ ಗಟ್ಟಿಯಾಗಿತ್ತು. ವರ್ಷಗಟ್ಟಲೆ ಕೂತ ಜಿಡ್ಡು ಸಂದು ಮುಚ್ಚಿಕೊಂಡಿತ್ತು ಅಷ್ಟೇ, ಹೊಸ ಆಯಿಲ್ ಅದನ್ನು ತೊಳೆಯಿತು. ಹಾಗಂತ ಹೊಸ ಆಯಿಲೆಲ್ಲ ವಿಷ, ಹಿಂದಿನ ಎಸ್‌ಎಇ 40 (ಒಂದೇ ನಂಬರಿನ ಹಳೇ ಆಯಿಲ್) ಒಂದೇ ಸರಿ ಅಂತ ವಾದ ಮಾಡುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಇವತ್ತಿನ 20ಡಬ್ಲ್ಯೂ-50 ಇಂಜಿನ್ ಬಿಸಿಯಾದ ಮೇಲೆ ಅದಕ್ಕಿಂತ ದಪ್ಪ ಉಳಿಯುತ್ತದೆ. ಜಿಡ್ಡು ಕಟ್ಟಿದ ಇಂಜಿನ್ ಆದರೆ ಮೊದಲ ಸಲ 1000 ಕಿಲೋಮೀಟರಿಗೇ ಬದಲಿಸುತ್ತೇವೆ, ಆಮೇಲೆ 3000ಕ್ಕೆ ಒಮ್ಮೆ.

ಮಾರುತಿ 800ಕ್ಕೆ ಗಾಡಿಯ ಪುಸ್ತಕದಲ್ಲಿ ಇರುವುದನ್ನೇ ಹಾಕುತ್ತೇವೆ. ಹಳೇ ಯೆಜ್ಡಿ ಇಟ್ಟುಕೊಂಡವರು (ನಮ್ಮ ಮೈಸೂರಿನಲ್ಲಿ ಕಡಿಮೆಯೇನಿಲ್ಲ) ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ಅದು ಟೂ ಸ್ಟ್ರೋಕ್, ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಹೋಗುತ್ತದೆ, ಗೇರ್‌ಬಾಕ್ಸಿನದು ಮಾತ್ರ ನೋಡಿಕೊಂಡರೆ ಸಾಕು.

ಹಳೇ ಕಾರಿಗೋ ಬುಲೆಟ್ಟಿಗೋ ನಮ್ಮಲ್ಲೇ 5ಡಬ್ಲ್ಯೂ-30 ಹಾಕಿಸಿದ್ದರೆ ಗಾಬರಿ ಬೇಡ, ಒಂದು ಸಲಕ್ಕೆ ಇಂಜಿನ್ ಹಾಳಾಗುವುದಿಲ್ಲ. ಈ ತಿಂಗಳೊಳಗೆ ತನ್ನಿ. ಆಯಿಲ್, ಫಿಲ್ಟರಿನ ದುಡ್ಡು ಕೊಟ್ಟರೆ ಸಾಕು, ಲೇಬರ್ ಬೇಡ. ಗಾಡಿಯನ್ನು ಓಡಿಸಿಕೊಂಡೇ ಬನ್ನಿ, ಟೋ ಮಾಡಿಸಬೇಡಿ. ಇಂಜಿನ್ ಬಿಸಿ ಇದ್ದಾಗಲೇ ಹಳೇ ಆಯಿಲ್ ಪೂರ್ತಿ ಇಳಿಯುವುದು.